ತಂಬಾಕಿನ ಹದ

ನಮ್ಮ ಎದುರುಮನೆಯ ಗಡಿಯಾರ ರಿಪೇರಿಯವರು ಪೈಪಿಗೆ ತಂಬಾಕು ಹದ ಮಾಡಲು ಕೂತರೆಂದರೆ ಮನೆಯಲ್ಲಿ ಫ್ಯಾನು ತಿರುಗುವಂತಿಲ್ಲ, ಯಾರೂ ಸೀನುವಂತಿಲ್ಲ. ಸಾಬೂನಿನ ಬಿಲ್ಲೆಯಂತೆ ಒತ್ತಿ ಗಟ್ಟಿ ಮಾಡಿದ ತಂಬಾಕಿನ ಅಚ್ಚನ್ನು ಡಬ್ಬಿಯಿಂದ ತೆಗೆದು, ಕಣ್ಣಿಗೆ ಕೆಲಸದ ಭೂತಗನ್ನಡಿ ಸಿಕ್ಕಿಸಿಕೊಂಡು, ಬ್ಲೇಡಿನಿಂದ ತೆಳ್ಳಗೆ ಹೆರೆಯುತ್ತಾರೆ. ಆಮೇಲೆ ಅಂಗೈಯಲ್ಲಿ ಉಜ್ಜಿ ಎಳೆ ಬಿಡಿಸಿ, ಹಳೇ ಪೇಪರಿನ ಮೇಲೆ ಹರವಿ, ಐದು ನಿಮಿಷಕ್ಕೊಮ್ಮೆ ಕೆನ್ನೆಗೆ ತಾಗಿಸಿ ತೇವ ನೋಡುತ್ತಾರೆ. "ಮಕ್ಕಳಿಗೆ ಜ್ವರ ಬಂದಾಗ್ಲೂ ಇವರು ಹೀಗೆ ಮುಟ್ಟಿ ನೋಡ್ಲಿಲ್ಲ" ಎಂದು ಹೆಂಡತಿ ಗೊಣಗಿದರೆ, "ಮಕ್ಕಳು ಒಣಗಿ ಹೋಗಲ್ಲ ಕಣೇ, ಇದು ಹೋಗುತ್ತೆ" ಎನ್ನುತ್ತಾರೆ. ಮೊನ್ನೆ ನಾನು ಕೆಟ್ಟ ವಾಚು ಹಿಡಿದು ಹೋದಾಗಲೂ ಇದೇ ಪೂಜೆ ನಡೆದಿತ್ತು. "ಕೂತ್ಕೊಳ್ಳಿ, ವಾಚು ಹೇಗೂ ನಿಂತಿದೆ, ನಿಮಗೇನು ಅವಸರ?" ಎಂದರು. ಮುಕ್ಕಾಲು ಗಂಟೆ ಕಾದೆ. ಚಿಟಿಕೆ ಚಿಟಿಕೆಯಾಗಿ ತುಂಬಿ, ಹೆಬ್ಬೆರಳಿನಿಂದ ಅದುಮಿ, ಇನ್ನೇನು ಕಡ್ಡಿ ಗೀರುತ್ತಾರೆ ಎಂದುಕೊಂಡರೆ, ಎದ್ದು ಒಳಕೋಣೆಗೆ ನಡೆದರು. ಅಲ್ಲಿ ಕಿಟಕಿಯ ಪಕ್ಕ ಅವರ ಮಾವ ಕೂತಿದ್ದರು. ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಗಿತ್ತು. "ನಮ್ಮ ಯಜಮಾನ್ರು ಸೇದಲ್ಲ, ಆ ವಾಸನೆಗೇ ಅವರಿಗೆ ತಲೆನೋವು ಬರುತ್ತೆ" ಎಂದು ಹೆಂಡತಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ನನ್ನ ಮದುವೇಲಿ ಅಪ್ಪ, ಗಡಿಯಾರ ಬಿಚ್ಚೋದು ಬಿಟ್ಟು ಅವನಿಗೇನು ಬರುತ್ತೆ ಅಂದಿದ್ರು." ಅಳಿಯ ಬಾಯಿಗಿಟ್ಟ ಪೈಪನ್ನು ಮುದುಕರು ಕಡ್ಡಿ ಗೀರುವ ಮುನ್ನ ಬರಿದೇ ಒಮ್ಮೆ ಎಳೆದು ನೋಡಿ, "ಸ್ವಲ್ಪ ಬಿಗಿ ಆಯ್ತಲ್ಲ, ಅಳಿಯಂದಿರೇ" ಎಂದರು. ಅಳಿಯ ಪೈಪನ್ನು ಅಂಗೈಗೆ ಕೊಡವಿಕೊಂಡು, ಮಾವನ ಕಾಲ ಬಳಿಯೇ ನೆಲದ ಮೇಲೆ ಕೂತು, ಮತ್ತೆ ಮೊದಲಿಂದ ತುಂಬತೊಡಗಿದರು.