ಚುಕ್ಕಾಣಿಯ ಬಳೆ

ಯುದ್ಧ ಮುಗಿದಾಗ ಮುಂಬಯಿಯ ಗುಜರಿ ಅಂಗಡಿಗಳಲ್ಲಿ ಮುರಿದ ವಿಮಾನಗಳ ರಾಶಿ ಬಿದ್ದಿತ್ತಂತೆ. ಅಂಥ ಒಂದು ಅಂಗಡಿಯಲ್ಲಿ ದುಡಿಯುತ್ತಿದ್ದ ನನ್ನ ಚಿಕ್ಕಪ್ಪ ಬೈಂದೂರಿಗೆ ಬರುವಾಗ ಎರಡು ವಿಮಾನಗಳ ಚಕ್ರ ಕೊಯ್ಯಿಸಿ ಎರಡು ಬಳೆ ತಂದ. ದೋಣಿಯ ಚುಕ್ಕಾಣಿ ಕಂಬ ತಿರುಗುವುದು ಇಂಥ ಬಳೆಯೊಳಗೆ. ಕಬ್ಬಿಣದ್ದಾದರೆ ತುಕ್ಕಿನ ಕಾಟ. ಇವು ಮರದಷ್ಟು ಹಗುರ, ನೋಡಲು ಎರಡೂ ಒಂದೇ. ಒಂದನ್ನು ನಮ್ಮ ಹೊಸ ದೋಣಿಗೆ, ಇನ್ನೊಂದನ್ನು ನೆರೆಮನೆಯವರ ದೋಣಿಗೆ ಕತ್ತದ ಹಗ್ಗದಲ್ಲಿ ಬಿಗಿದೆವು. ಅಪ್ಪನ ಜಂಬ ಕೇಳುವುದೇ ಬೇಡ.

ಮಳೆಗಾಲ ಕಳೆದು ದೋಣಿ ಇಳಿಸಿ ಹೆಚ್ಚು ದಿನವಾಗಿರಲಿಲ್ಲ, ನಮ್ಮ ಬಳೆಯ ಮೇಲೆ ಬಿಳಿ ಹುಡಿ ಎದ್ದಿತು. ಗೀರಿದರೆ ಹಳೇ ಸುಣ್ಣದ ಹಾಗೆ ಉದುರುತ್ತಿತ್ತು. ಒಂದು ಬೆಳಿಗ್ಗೆ ಅಳಿವೆ ಬಾಯಲ್ಲಿ ಅದು ಎರಡು ಹೋಳಾಯಿತು. ಚುಕ್ಕಾಣಿ ತಪ್ಪಿದ ದೋಣಿಯನ್ನು ನಾನೂ ಅಪ್ಪನೂ ಹುಟ್ಟು ಹಾಕಿ ಹೇಗೋ ದಡ ಸೇರಿಸಿದೆವು. ನೆರೆಯವರ ಬಳೆಗೆ ಮಾತ್ರ ಏನೂ ಆಗಿರಲಿಲ್ಲ.

ಊರಿಗೆ ಅಷ್ಟೇ ಸಾಕಾಯಿತು. ಮುಟ್ಟಾದ ಹೆಂಗಸರು ದೋಣಿಯ ಹತ್ತಿರ ಸುಳಿಯಬಾರದೆಂಬುದು ನಮ್ಮಲ್ಲಿಯ ಕಟ್ಟಳೆ. ದೋಣಿ ಇಳಿಸುವ ಮುನ್ನ ಅಕ್ಕ ಮುಟ್ಟಿನ ದಿನಗಳಲ್ಲೇ ಅದರ ಪಕ್ಕದಲ್ಲಿ ಬಲೆ ಒಣಗಿಸಿದ್ದನ್ನು ಯಾರೋ ಕಂಡಿದ್ದರಂತೆ.

"ಅದೇ ಲೋಹ, ಅದೇ ಕಡ್ಲ್. ಅವ್ರದ್ ಗಟ್ಟಿ ಇತ್ತ್, ನಮ್ದ್ ಎಂತಕ್ ಹುಡಿ ಆಯ್ತ್?" ಎಂದು ಅಪ್ಪ ಅಂಗಳದಲ್ಲಿ ಎಲ್ಲರೆದುರೇ ಅಕ್ಕನನ್ನು ಕೇಳಿದ.

"ನಾನ್ ದೋಣಿ ಮುಟ್ಲಿಲ್ಲ ಅಪ್ಪಯ್ಯ" ಎಂದಳು ಅಕ್ಕ. ಕೇಳುವವರು ಯಾರಿದ್ದರು? ಬ್ರಹ್ಮಾವರದ ಕಡೆಯ ಗಂಡಿನ ಮನೆಗೆ ಸುದ್ದಿ ಮುಟ್ಟಿತು. ಗೊತ್ತಾಗಿದ್ದ ಮದುವೆ ಮುರಿಯಿತು. ಆಮೇಲೆ ಅವಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಒಂದು ತುಂಡು ಗುಜರಿಗೆ ಒಬ್ಬಳ ಬಾಳನ್ನೇ ದಂಡ ಹಾಕಿದರಲ್ಲ ಎಂದು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ನಾನೂ ಮುಂಬಯಿಗೆ ಹೋಗಿ ಎರಕದ ಕಾರ್ಖಾನೆ ಸೇರಿದೆ. ಮುರಿದ ಬಳೆಯ ಹೋಳು ಪೆಟ್ಟಿಗೆಯಲ್ಲಿತ್ತು. ನೆರೆಯವರ ಬಳೆಯಿಂದಲೂ ಒಂದು ಚೂರು ಅರದಿಂದ ಉಜ್ಜಿ ತಂದಿದ್ದೆ. ಎರಡನ್ನೂ ಪರೀಕ್ಷೆ ಮಾಡಿಸಿದ ನಮ್ಮ ಮೇಲ್ವಿಚಾರಕರು ಬಿಡಿಸಿ ಹೇಳಿದರು. ಅದು ಮೆಗ್ನೀಸಿಯಂ. ಗಟ್ಟಿಯಾಗಲೆಂದು ಅಲ್ಯೂಮಿನಿಯಂ, ಸತು ಬೆರೆಸುತ್ತಾರೆ. ಅದರೊಳಗೆ ಕಬ್ಬಿಣದ ಅಂಶ ಕೊಂಚ ಹೆಚ್ಚಾದರೂ ಸಾಕು, ಉಪ್ಪುನೀರು ಅದನ್ನು ತಿಂದು ಮುಗಿಸುತ್ತದೆ. ಮ್ಯಾಂಗನೀಸ್ ಸೇರಿಸಿ ಎರಕ ಹೊಯ್ದರೆ ಕಬ್ಬಿಣದ ಉಪದ್ರವ ತಗ್ಗುತ್ತದೆ. ನೆರೆಯವರದು ಹಾಗೆ ಹೊಯ್ದದ್ದು, ನಮ್ಮದು ಕಬ್ಬಿಣ ಉಳಿದದ್ದು. ಅಕ್ಕನಿಗೂ ಅದಕ್ಕೂ ಏನು ಸಂಬಂಧ?

ರಜೆ ಸಿಕ್ಕಿದ್ದೇ ಊರಿಗೆ ಓಡಿದೆ. ಅಪ್ಪನನ್ನು ಜಗಲಿಯಲ್ಲಿ ಕೂರಿಸಿ ಎಲ್ಲವನ್ನೂ ಹೇಳಿದೆ. ಅಪ್ಪ ಅಡ್ಡ ಮಾತಾಡದೆ ಕೇಳಿದ, ಹೋಳನ್ನು ತಿರುಗಿಸಿ ತಿರುಗಿಸಿ ನೋಡಿದ. ಮುಖ ಅರಳಿತು.

"ಹಂಗಾರೆ ನಮ್ ದೋಣಿಗೆ ಎಂತದೂ ದೋಷ ಇಲ್ಲ ಅಲ್ದಾ?" ಎಂದ.

ಬಾಗಿಲ ಆಚೆ ಅಕ್ಕ ಮೀನು ಕೊಯ್ಯುತ್ತಿದ್ದಳು. ಕತ್ತಿಯ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.