ಒಂದೇ ಬುಟ್ಟಿಯ ರೊಟ್ಟಿ

ನಮ್ಮಪ್ಪನಿಗೆ ಎರಡು ದೇಶಗಳನ್ನು ತೂಗಿ ನೋಡುವ ಚಟವಿತ್ತು. ಒಂದು ನಮ್ಮದು, ಮದ್ರಾಸ್ ಸರಕಾರಕ್ಕೆ ಸೇರಿದ ಕಂಪ್ಲಿ ಸೀಮೆ. ಇನ್ನೊಂದು ಗುಡ್ಡದಾಚೆಯ ಸಂಡೂರು ಸಂಸ್ಥಾನ. ಗಾಡಿ ಕಟ್ಟಿ ಹೊರಟರೆ ಹೊಸಪೇಟೆಯಲ್ಲಿ ಒಂದು ರಾತ್ರಿ ತಂಗಿ ಮರುದಿನ ಮುಟ್ಟಬಹುದು, ಅಷ್ಟೇ ದೂರ. ಆದರೂ ಅಪ್ಪ ಅದನ್ನು ‘ಅವರ ದೇಶ’ ಎಂದೇ ಕರೆಯುತ್ತಿದ್ದ. ನಮಗೆ ಕಾಲುವೆ ನೀರು, ಭತ್ತ, ಕಬ್ಬು. ಅವರಿಗೆ ಸಜ್ಜೆ, ನವಣೆ, ಗುಡ್ಡದ ಅದಿರು. ಬೆಳೆದದ್ದನ್ನೆಲ್ಲ ಕೂಡಿಸಿ ತಲೆಗಿಷ್ಟು ಎಂದು ಹಂಚಿದರೆ ನಾವೇ ಮೇಲು ಎಂದು ಕಟ್ಟೆಯ ಮೇಲೆ ಕೂತು ಸಾಧಿಸುತ್ತಿದ್ದ.

“ಹಂಚಿದ್ರ ಅಲ್ರಿ? ಹಂಚಿದವರು ಯಾರು?” ಎಂದು ಅವ್ವ ಒಳಗಿನಿಂದಲೇ ಕೇಳುತ್ತಿದ್ದಳು.

ಅವ್ವನ ಲೆಕ್ಕ ಬೇರೆ. ಅವಳು ಸೊಸೆಯಾಗಿ ಬಂದಾಗ ನಮ್ಮ ಅಡುಗೆಮನೆಯಲ್ಲಿ ಎರಡು ರೊಟ್ಟಿ ಬುಟ್ಟಿಗಳಿದ್ದವಂತೆ. ಬಿಳಿಜೋಳದ ರೊಟ್ಟಿಯದು ಗಂಡಸರಿಗೆ. ಹೊಟ್ಟು ಬೆರೆತ ಹಿಟ್ಟಿನ ರೊಟ್ಟಿಯದು ಆಳುಗಳಿಗೆ ಮತ್ತು ಸೊಸೆಯಂದಿರಿಗೆ. ಬಂದವರ ಕಣ್ಣಿಗೆ ಕೈಯಲ್ಲಿನ ರೊಟ್ಟಿ ಬೀಳದಿರಲೆಂದು ಸೊಸೆಯಂದಿರು ಗೋಡೆಗೆ ಮುಖ ಮಾಡಿ ಉಣ್ಣಬೇಕಿತ್ತು. ಅಜ್ಜಿ ತೀರಿಕೊಂಡು ಮನೆಯ ಕೀಲಿ ಅವ್ವನ ಸೊಂಟಕ್ಕೆ ಬಂತು. ಆಕೆ ಮಾಡಿದ ಮೊದಲ ಕೆಲಸವೆಂದರೆ ಆ ಎರಡನೆಯ ಬುಟ್ಟಿಯನ್ನು ಸಗಣಿ ಹೊರಲು ಕೊಟ್ಟದ್ದು. ಅಂದಿನಿಂದ ನಮ್ಮಲ್ಲಿ ಧಣಿಗೂ ಆಳಿಗೂ ಒಂದೇ ಹಿಟ್ಟು, ಒಂದೇ ಬುಟ್ಟಿ. ನೆಂಟರು ಆಡಿಕೊಂಡರು. ಅವ್ವ ಸೊಪ್ಪು ಹಾಕಲಿಲ್ಲ. ಈ ಮಾತನ್ನು ಹೇಳುವಾಗ ಇಂದಿಗೂ ನನ್ನ ಎದೆ ಉಬ್ಬುತ್ತದೆ, ಉಬ್ಬಲಿ ಬಿಡಿ.

ನನಗೆ ಗಂಡು ನೋಡುವ ಕಾಲ ಬಂದಾಗ ಎರಡು ಕಡೆಯಿಂದ ಕೇಳಿದರು. ಒಂದು ನಮ್ಮದೇ ಸೀಮೆಯ, ಅಕ್ಕಿ ಗಿರಣಿ ಇದ್ದ ಶ್ರೀಮಂತರ ಮನೆ. ಇನ್ನೊಂದು ಸಂಡೂರಿನ ಕಡೆಯ ಮಳೆಯಾಧಾರದ ಹೊಲದ ಮನೆ. ಅಪ್ಪನಿಗೆ ಯೋಚಿಸುವಂಥದ್ದು ಏನೂ ಇರಲಿಲ್ಲ.

“ಬಡ ದೇಶಕ್ಕ ಮಗಳ್ನ ಕೊಡಾಕ ನನಗೇನು ಹುಚ್ಚು ಹಿಡಿದೈತೇನು?”

“ದೇಶಕ್ಕ ಯಾರು ಕೊಡ್ತಾರ್ರೀ? ಮನಿಗೆ ಕೊಡೋದು,” ಎಂದಳು ಅವ್ವ. “ಮೊದಲು ಅವರ ಆಳುಗಳ ಬುತ್ತಿ ನೋಡ್ಕೊಂಡು ಬರ್ರಿ. ಧಣಿ ಉಣ್ಣೋದಕ್ಕೂ ಆಳು ಉಣ್ಣೋದಕ್ಕೂ ಎಷ್ಟು ಅಂತರ ಐತಿ, ಅದ್ರಾಗ ಎಲ್ಲಾ ತಿಳಿತೈತಿ.”

ಅಪ್ಪ ಗಿರಣಿಯವರ ಮನೆಗೆ ಹೋಗಿಬಂದ. ಮುಖ ಅರಳಿತ್ತು. ಹೊಲದಲ್ಲಿ ಧಣಿ, ಹಮಾಲರು, ಕೂಲಿ ಹೆಂಗಸರು ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಡಬು ಉಂಡರಂತೆ. “ನಿನ್ನ ಅಂತರ ಎಲ್ಲೈತಿ ತೋರ್ಸು ನೋಡೋಣ” ಎಂದು ಅವ್ವನನ್ನೇ ಕೆಣಕಿದ.

ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ಅಪ್ಪ ಹೋಗಿದ್ದು ಎಳ್ಳಮಾವಾಸ್ಯೆಯ ದಿನ. ಅಂದು ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲುತ್ತಾರೆ, ಅಂದರೆ ಬೆಳೆಗೇ ಎಡೆಯ ಅಡುಗೆ ಎರಚುತ್ತಾರೆ. ಆಮೇಲೆ ಮೇಲು ಕೀಳೆನ್ನದೆ ಕೂಡಿ ಉಣ್ಣುತ್ತಾರೆ.

“ಅಲ್ರೀ, ಚರಗದ ದಿನ ಹೋಗಿ ಅಳತಿ ಮಾಡ್ಕೊಂಡು ಬಂದ್ರಲ್ಲ! ಅವತ್ತು ಕಾಗಿಗೂ ಕಡಬು ಸಿಗತೈತಿ. ಬ್ಯಾರೆ ದಿನ ಹೋಗ್ಬೇಕು.”

ಬೇರೆ ದಿನ ಅವಳೇ ಹೋದಳು, ಎರಡೂ ಮನೆಗೆ. ಹೆಣ್ಣಿನ ತಾಯಿ ಹೀಗೆ ಹೇಳದೆ ಕೇಳದೆ ಗಂಡಿನ ಮನೆಗೆ ಹೋಗುವುದು ರೀತಿಯಲ್ಲ. ಹಂಪಿಗೆ ಹೊರಟಿದ್ದೆ, ಹರಕೆ ಇತ್ತು, ನೀರು ಕುಡಿಯಲು ಬಂದೆ ಎಂದು ಗಿರಣಿಯವರ ಮನೆ ಹೊಕ್ಕಳಂತೆ. ಸಂಡೂರಿನ ದಾರಿಯಲ್ಲೂ ಅದೇ ಹರಕೆಯ ಹೆಸರು ಹೇಳಿದಳು. ಹಂಪಿಗೂ ಆ ದಾರಿಗೂ ಎತ್ತಣಿಂದೆತ್ತ ಸಂಬಂಧ ಎಂದು ಯಾರೂ ಕೇಳಲಿಲ್ಲವೆಂಬುದು ದೇವರ ದಯೆ.

ಮರಳಿ ಬಂದು ಕಾಲು ತೊಳೆಯುತ್ತಲೇ ಹೇಳಿದಳು. ಗಿರಣಿಯ ಮನೆಯಲ್ಲಿ ಧಣಿಗಳಿಗೆ ಹಾಲಿನಂಥ ಅಕ್ಕಿಯ ಅನ್ನ. ಹಮಾಲರಿಗೆ ಮುಗ್ಗಲು ನುಚ್ಚು. ಹಿರಿಸೊಸೆ ಅದೇ ನುಚ್ಚನ್ನು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಸಂಡೂರಿನ ಮನೆಯಲ್ಲಿ ಅನ್ನದ ಅಗುಳು ಕಾಣಲಿಲ್ಲ. ಸಜ್ಜೆ ರೊಟ್ಟಿ, ಪುಂಡಿಪಲ್ಯ. ಆದರೆ ಬುಟ್ಟಿ ಒಂದೇ.

ಅಪ್ಪ ಸೋಲುವ ಪೈಕಿಯಲ್ಲ. “ಎಲ್ಲಾರೂ ಕೂಡಿ ಬಡವರಾದ್ರ ಏನು ಬಂತು? ಬಡತನ ಹಂಚ್ಕೊಂಡ್ರ ಹೊಟ್ಟಿ ತುಂಬತೈತೇನು?”

“ತುಂಬಂಗಿಲ್ಲ. ಖರೇನ,” ಎಂದಳು ಅವ್ವ. ಇನ್ನೊಂದು ಕಾಲಿಗೆ ನೀರು ಸುರಿದುಕೊಂಡಳು. “ಗಿರಣಿಯವರು ಕೆಟ್ಟವರಂತಲ್ರಿ. ಒಬ್ಬ ಹಮಾಲ ಬಿಟ್ರ ಹತ್ತು ಮಂದಿ ಬಾಗಲದಾಗ ನಿಂತಿರ್ತಾರ, ಅದಕ್ಕ ನುಚ್ಚು ನಡೀತೈತಿ. ಸಂಡೂರಾಗ ರೊಟ್ಟಿ ಕೆಟ್ರ ಆಳು ಅದಿರು ಅಗಿಯಾಕ ಗುಡ್ಡಕ್ಕ ಹೋಗ್ತಾನ. ಅದಕ್ಕ ಧಣಿ ಹದ್ದುಬಸ್ತಿನಾಗ ಅದಾನ. ಆದ್ರ ಸೊಸಿಗೆ ಯಾವ ಗುಡ್ಡ ಐತ್ರಿ ಹೋಗಾಕ? ಆಕಿಗೆ ಮನಿ ರೀತಿನ ಗತಿ.”

ಅಪ್ಪ ತಂಬಿಗೆ ಎತ್ತಿಕೊಂಡು ಹಿತ್ತಲಿಗೆ ಹೋದ. ದೇಶ ದೇಶಗಳ ನಡುವಿನ ವ್ಯತ್ಯಾಸ ಏಕೆ, ಒಂದೇ ದೇಶದೊಳಗಿನ ವ್ಯತ್ಯಾಸ ಏಕೆ ಎಂದು ದೊಡ್ಡವರು ಮಾತಾಡಿದ್ದನ್ನು ಮುಂದೆ ಎಷ್ಟೋ ಕೇಳಿದ್ದೇನೆ. ಅವ್ವ ಕಾಲು ತೊಳೆಯುತ್ತ ಹೇಳಿದ್ದಕ್ಕಿಂತ ಹೆಚ್ಚೇನೂ ನನಗೆ ತಿಳಿಯಲಿಲ್ಲ.

ಆದರೆ ಅಳೆಯುವ ಕೈ ನಮ್ಮದೊಂದೇ ಅಲ್ಲ. ಕೊನೆಗೆ ಅಪ್ಪನೇ ಹೇಳಿಕಳಿಸಿದ ಮೇಲೆ ಸಂಡೂರಿನವರು ಹೆಣ್ಣು ನೋಡಲು ಬಂದರು. ಇಳಕಲ್ ಸೀರೆ ಉಟ್ಟು ನಾನು ಬಾಗಿಲ ಮರೆಯಲ್ಲಿ ಬೆವರುತ್ತಿದ್ದೆ. ಗಂಡಿನ ತಾಯಿ ಚಾಪೆಯ ಮೇಲೆ ಕೂರಲೇ ಇಲ್ಲ. “ನಿಮ್ಮ ಗದ್ದಿ ನೋಡ್ತೀನ್ರಿ” ಎಂದು ಹೊರಟೇಬಿಟ್ಟರು. ಅವ್ವನೂ ನಾನೂ ಹಿಂದೆ ಓಡಿದೆವು. ಬದುವಿನ ಮೇಲೆ ನಾಟಿಯ ಹೆಂಗಸರು ಬುತ್ತಿ ಬಿಚ್ಚಿದ್ದರು. ಆಕೆ ಕೆಸರಿನಲ್ಲೇ ಕುಕ್ಕರುಗಾಲಲ್ಲಿ ಕೂತು ಒಬ್ಬಳ ಮುಂದೆ ಕೈಯೊಡ್ಡಿದರು.

“ಒಂದು ತುಣುಕು ರೊಟ್ಟಿ ಕೊಡವ್ವ.”

ಅವ್ವನ ಮುಖ ಬಿಳಿಚಿತು. ಅಂದು ಬೀಗರಿಗೆಂದು ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಆ ಗಡಿಬಿಡಿಯಲ್ಲಿ ಬುತ್ತಿಯ ರೊಟ್ಟಿ ಬಡಿಯುವುದನ್ನು ನನ್ನೊಬ್ಬಳಿಗೇ ಬಿಟ್ಟಿದ್ದಳು. ದನಕ್ಕೆಂದು ಇಟ್ಟ ಹೊಟ್ಟಿನ ಹಿಟ್ಟೂ ಮಗ್ಗುಲಲ್ಲೇ ಇತ್ತು, ನಾನು ಯಾವುದನ್ನು ತೆಗೆದುಕೊಂಡೆನೋ ಅವಳು ನೋಡಿರಲಿಲ್ಲ.

ಬುತ್ತಿಯವಳು ನಕ್ಕಳು. “ರೊಟ್ಟಿ ಯಾಕ್ರಿ, ಹೋಳ್ಗಿ ತಗೋರಿ. ಇವತ್ತು ಮನ್ಯಾಗ ಬೀಗರು ಬಂದಾರಂತ, ಸಣ್ಣವ್ವ ನಮಗೂ ಕಟ್ಯಾಳ,” ಎಂದು ನನ್ನ ಕಡೆ ಕೈ ತೋರಿಸಿದಳು.

ಗಂಡಿನ ತಾಯಿ ಹೋಳಿಗೆಯ ತುಂಡನ್ನು ಬಾಯಿಗಿಟ್ಟು ಎದ್ದರು. ನನ್ನ ಜಡೆ, ಬಣ್ಣ, ನಡಿಗೆ ಯಾವುದನ್ನೂ ನೋಡಲಿಲ್ಲ. “ತಾರೀಖು ಹಿಡೀರಿ ಬೀಗ್ತೇರ,” ಎಂದರು. ಅವ್ವ ನನ್ನ ಕಡೆ ತಿರುಗಿ ನನ್ನ ತಲೆಯ ಮೇಲಿನ ಸೆರಗನ್ನು ಸರಿಮಾಡಿದಳು.

ಹೀಗೆ ನಾನು ಅಪ್ಪನ ಲೆಕ್ಕದ ಬಡ ದೇಶಕ್ಕೆ ಹೋದೆ. ಅಪ್ಪ ಹೇಳಿದ್ದೂ ಸುಳ್ಳಾಗಲಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಅರೆಹೊಟ್ಟೆ ಮಲಗಿದ ದಿನಗಳಿವೆ, ನವಣೆ ಗಂಜಿಗೂ ತತ್ವಾರವಾದದ್ದಿದೆ. ಗೋಡೆಗೆ ಮುಖ ಮಾಡಿ ಉಂಡ ದಿನ ಮಾತ್ರ ಒಂದೂ ಇಲ್ಲ.