ಫಿಟರ್ ಕಾಕಾ ಕಟ್ಟಿದ ಜಾರುವ ಗಾಡಿ

ಅವರ ಹುಬ್ಬಿನಲ್ಲಿ ಯಾವಾಗಲೂ ಹತ್ತಿಯ ಧೂಳು ಕೂತಿರುತ್ತಿತ್ತು. ಮೀಸೆಯಲ್ಲಿ, ಕಿವಿಯ ಕೂದಲಲ್ಲಿ ಕೂತದ್ದನ್ನು ತೊಳೆದುಕೊಳ್ಳುತ್ತಿದ್ದರು. ಆದರೆ ಮದುವೆ ಮನೆಗೆ ಇಸ್ತ್ರಿ ಅಂಗಿ ತೊಟ್ಟು ಬಂದರೂ ಹುಬ್ಬಿನ ಮೇಲಿನ ಬಿಳಿ ನವಿರು ಹಾಗೇ ಇರುತ್ತಿತ್ತು. ಹೀಗಾಗಿ ನಾನು ಸಣ್ಣವಳಿದ್ದಾಗಿನಿಂದಲೂ ಅವರನ್ನು ಮುದುಕರೆಂದೇ ತಿಳಿದಿದ್ದೆ. ಮುಂದೆ ನಿಜವಾಗಿ ಕೂದಲು ಬೆಳ್ಳಗಾದಾಗ ಯಾವುದು ಹತ್ತಿ, ಯಾವುದು ವಯಸ್ಸು ಎಂಬುದು ಅವರ ಹೆಂಡತಿಗೂ ತಿಳಿಯುತ್ತಿರಲಿಲ್ಲ.

ಬನಹಟ್ಟಿಯ ನಮ್ಮ ಓಣಿಗೆಲ್ಲ ಅವರು ಫಿಟರ್ ಕಾಕಾ. ಪವರ್‌ಲೂಮ್ ಕೆಟ್ಟರೆ ದುರಸ್ತಿ ಮಾಡುವುದು ಅವರ ಕೆಲಸ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಜೀವಮಾನವೆಲ್ಲ ಮಗ್ಗದ ಸದ್ದಿನಲ್ಲಿ ಕಳೆದವರಾದ್ದರಿಂದ ಮೆಲ್ಲಗೆ ಮಾತಾಡುವುದು ಅವರಿಗೆ ಬರುತ್ತಲೇ ಇರಲಿಲ್ಲ. ಗುಟ್ಟು ಹೇಳುತ್ತೇನೆಂದು ಕಿವಿಯ ಹತ್ತಿರ ಬಂದರೆ ಆಚೆ ಮನೆಯವರು ಏನಾಯಿತೆಂದು ಹೊರಗೆ ಬರುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಕೈಯಲ್ಲಿನ ನಟ್ಟು ತಿರುವುವ ಪಾನಾ ಬೀಸಿ ಒಗೆಯುವವರೂ ಅವರೇ, ಆಮೇಲೆ ಬಗ್ಗಿ ಮಗ್ಗದ ಕೆಳಗೆ ಅದನ್ನು ಹುಡುಕುವವರೂ ಅವರೇ. ತಮ್ಮ ಕೆಲಸದ ಬಗ್ಗೆ ಜಂಬವೂ ಸಾಕಷ್ಟಿತ್ತು. "ರಬಕವಿಯಿಂದ ಮುಧೋಳತನಕ ನನ್ನ ಮಾತು ಕೇಳದ ಮಗ್ಗ ಇದ್ರ ತೋರಸ್ರಿ" ಎನ್ನುತ್ತಿದ್ದರು.

ಅವರ ಬದುಕಿಗೆಲ್ಲ ಒಂದೇ ಸೂತ್ರ: "ಎಳಿ ಹರದ್ರ ಮಗ್ಗ ನಿಂದರಬೇಕು." ಎಳೆ ಹರಿದ ಕೂಡಲೇ ಮಗ್ಗ ನಿಲ್ಲದಿದ್ದರೆ ಸೀರೆ ಕೆಡುತ್ತದೆ. ನೇಕಾರರ ಮನೆಯ ಕೂಸಿಗೂ ಇದು ಗೊತ್ತು. ಕಾಕಾ ಮಾತ್ರ ಇದನ್ನು ಮನುಷ್ಯರಿಗೂ ಅನ್ವಯಿಸುತ್ತಿದ್ದರು. ಅಣ್ಣತಮ್ಮಂದಿರು ಜಗಳಕ್ಕೆ ನಿಂತರೆ ನಡುವೆ ನುಗ್ಗಿ ಕೈಯೆತ್ತಿ, "ಎಳಿ ಹರೀತು, ನಿಂದರ್ಸ್ರಿ!" ಎಂದು ಒದರುತ್ತಿದ್ದರು. ನಮ್ಮ ಅಪ್ಪ ಅವ್ವನ ಎಷ್ಟೋ ಜಗಳಗಳು ಗೋಡೆಯಾಚೆಯಿಂದ ಬಂದ ಈ ಒಂದು ಕೂಗಿಗೆ ನಿಂತುಹೋಗಿವೆ. ಅವ್ವ ಸೆರಗು ಬಾಯಿಗೊತ್ತಿಕೊಂಡು ನಕ್ಕುಬಿಡುತ್ತಿದ್ದಳು, ಅಪ್ಪ ಚಹಾ ಕೇಳುತ್ತಿದ್ದರು.

ನನ್ನದು ಸೀರೆ ವ್ಯಾಪಾರ. ಓಣಿಯವರು ನೇಯ್ದ ಸೀರೆಗಳನ್ನು ಗಂಟು ಕಟ್ಟಿ ಸ್ಕೂಟರಿನ ಮೇಲೆ ಹೇರಿಕೊಂಡು ಜಮಖಂಡಿ, ಮುಧೋಳ, ಲೋಕಾಪುರ, ಬೀಳಗಿಯ ಅಂಗಡಿಗಳಿಗೆ ಮುಟ್ಟಿಸುತ್ತೇನೆ. ಬಂಡವಾಳ ಬಾಯಿಯೊಂದೇ. "ಈಕಿ ಮಾತಿಗೆ ಕಲ್ಲೂ ಸೀರಿ ಉಡತೈತಿ" ಎಂದು ಅಂಗಡಿಯವರು ಕಾಡಿಸುತ್ತಿದ್ದರು. ನನಗೆ ಅದು ಹೊಗಳಿಕೆಯಾಗಿಯೇ ಕೇಳುತ್ತಿತ್ತು. ಯಾರನ್ನೂ ಕಾಯದೆ ಬೆಳಿಗ್ಗೆ ಗಾಡಿ ತೆಗೆದುಕೊಂಡು ಹೊರಡುವ ಆ ಸ್ವಾತಂತ್ರ್ಯದ ರುಚಿ ಒಮ್ಮೆ ಹತ್ತಿದರೆ ಬಿಡುವಂಥದ್ದಲ್ಲ.

ಅದು ಒಂದು ಕಬ್ಬಿನ ಹಂಗಾಮಿನಲ್ಲಿ ಕೈತಪ್ಪಿತು. ಮುಧೋಳದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಉದುರಿಸಿ ಹೋದ ಕಬ್ಬು ಗಾಲಿಗೆ ಸಿಕ್ಕು ಜಜ್ಜಿ, ಮೇಲೊಂದು ಸಣ್ಣ ಮಳೆ ಬಿದ್ದಿತ್ತು. ಸ್ಕೂಟರಿನ ಹಿಂದಿನ ಗಾಲಿ ಸರಕ್ಕನೆ ಪಕ್ಕಕ್ಕೆ ಹೋಯಿತು. ನಾನು ಎರಡೂ ಬ್ರೇಕು ಗಟ್ಟಿಯಾಗಿ ಹಿಡಿದೆ. ಮುಂದೆ ನೆನಪಿರುವುದು ಕೆಸರಿನಲ್ಲಿ ಬಿಚ್ಚಿಕೊಂಡ ಹಸಿರು ಸೀರೆ ಮತ್ತು ಮುರಿದ ನನ್ನ ಕಾಲು.

ಕಾಲು ಕೂಡಿತು, ಧೈರ್ಯ ಕೂಡಲಿಲ್ಲ. ಸ್ಕೂಟರಿನ ಹ್ಯಾಂಡಲ್ ಹಿಡಿದವಳು ಸ್ಟ್ಯಾಂಡ್ ತೆಗೆಯದೆಯೇ ಒಳಗೆ ಬಂದುಬಿಡುತ್ತಿದ್ದೆ. ಅಣ್ಣ ಬಿಡುವಿದ್ದಾಗ ಗಂಟು ಒಯ್ದು ಕೊಟ್ಟು ಬರುತ್ತಿದ್ದ. ಆದರೆ ಅವನು ಸೀರೆ ಇಟ್ಟು ಬರುವವನೇ ಹೊರತು ಮಾರಿ ಬರುವವನಲ್ಲ. ಅಂಗಡಿಯವರು ಒಬ್ಬೊಬ್ಬರಾಗಿ ಬೇರೆಯವರ ಹತ್ತಿರ ಮಾಲು ತರಿಸತೊಡಗಿದರು. ನಾನು ಗಾಡಿ ಏರದಿದ್ದರೆ ವ್ಯಾಪಾರ ಮುಗಿದಂತೆ. ಅವ್ವ ದೇವರಿಗೆ ಹರಕೆ ಹೊತ್ತಳು. ಊರವರು "ಮನ್ಯಾಗ ಕುಂತು ಮಾರು, ಹೆಣಮಕ್ಕಳಿಗೆ ಅದ ಛಲೋ" ಎಂದರು. ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ನನ್ನ ಮೇಲೆ ನನಗೇ.

ಒಂದು ಮಧ್ಯಾಹ್ನ ಕಾಕಾ ಮೊಬೈಲ್ ಹಿಡಿದುಕೊಂಡು ಬಂದರು. ವಿಡಿಯೋದ ಸದ್ದು ಅವರಿಗಿಂತ ಮೊದಲೇ ಮನೆಯೊಳಗೆ ಬಂದಿತ್ತು. ಯಾವುದೋ ದೇಶದ ಜನ ನೆಲಕ್ಕೆ ಅಂಟಿದಂಥ ಮೂರುಗಾಲಿಯ ಗಾಡಿಗಳ ಮೇಲೆ ಕೂತು, ತಿರುವು ಬಂದಲ್ಲೆಲ್ಲ ಹಿಂಭಾಗವನ್ನು ಅಡ್ಡಡ್ಡ ಜಾರಿಸುತ್ತ ಕೇಕೆ ಹಾಕುತ್ತಿದ್ದರು.

"ಇಲ್ಲಿ ನೋಡ ತಂಗಿ. ಎಷ್ಟ ಜಾರಾಕತ್ತಾರ! ಒಬ್ಬರರ ಬಿದ್ದಾರೇನು?"

"ಅದಕ್ಕ ನಾ ಏನ್ ಮಾಡ್ಲಿ, ಕಾಕಾ?"

"ಜಾರೂದು ಬ್ಯಾರೆ, ಬೀಳೂದು ಬ್ಯಾರೆ. ನಿನ್ನ ತಲ್ಯಾಗ ಎರಡೂ ಒಂದ ಆಗಿ ಕುಂತಾವು. ಇಂಥಾದೊಂದು ಗಾಡಿ ಮಾಡ್ತೀನಿ. ಅದರ ಮ್ಯಾಲೆ ಕುಂತು ಸಾಕಾಗೂತನ ಜಾರು. ಅಂಜಿಕಿ ತಾನ ಹೋಗ್ತೈತಿ."

"ನಿಮಗ ಹುಚ್ಚ ಹಿಡದೈತ್ರಿ, ಕಾಕಾ."

"ಹಿಡೀಲಿ ಬಿಡು. ಶಾಣ್ಯಾರು ನಿನಗೇನ್ ಮಾಡಿ ಕೊಟ್ರು?"



ಮರುದಿನದಿಂದ ಅವರ ಹಿತ್ತಲಲ್ಲಿ ವೆಲ್ಡಿಂಗಿನ ಕಿಡಿ ಹಾರತೊಡಗಿತು. ಜಮಖಂಡಿಯ ಗುಜರಿಯಿಂದ ಕಬ್ಬಿಣದ ಪೈಪು ಬಂದವು. ಮುಂದಕ್ಕೆ ಎಲೆಕ್ಟ್ರಿಕ್ ಸೈಕಲ್ಲಿನ ಗಾಲಿ, ಅದರ ನಡುವೆಯೇ ಮೋಟರು. ಹಿಂದಕ್ಕೆ ಎರಡು ಪುಟ್ಟ ಗಾಲಿ. ರಬ್ಬರ್ ನೆಲವನ್ನು ಹಿಡಿಯುತ್ತದೆ, ಪ್ಲಾಸ್ಟಿಕ್ ಜಾರುತ್ತದೆ. ಅದಕ್ಕಾಗಿ ಬೀಳಗಿ ಕಡೆಯ ಬೀಗರ ಹೊಲದಲ್ಲಿ ಉಳಿದಿದ್ದ ದಪ್ಪ ನೀರಿನ ಪೈಪನ್ನು ತರಿಸಿ, ತುಂಡು ಮಾಡಿ, ಬಿಸಿ ಮಾಡಿ ಹಿಂದಿನ ಗಾಲಿಗಳಿಗೆ ಬಳೆಯಂತೆ ತೊಡಿಸಿದರು. ಸೀಟಿಗಾಗಿ ತಮ್ಮ ಹೆಂಡತಿ, ಅಂದರೆ ನಮ್ಮ ಕಾಕಿಯ ಪ್ಲಾಸ್ಟಿಕ್ ಖುರ್ಚಿಯ ಕಾಲುಗಳನ್ನು ಹೇಳದೆ ಕೇಳದೆ ಕತ್ತರಿಸಿದರು.

"ನನ್ನ ಖುರ್ಚಿ ಕಾಲ ಕಡದ್ರಲ್ಲ, ಇನ್ ನಾ ಎಲ್ಲಿ ಕುಂದರ್ಲಿ?" ಎಂದು ಕಾಕಿ ಜಗಳಕ್ಕೆ ನಿಂತರು.

"ನೆಲದ ಮ್ಯಾಲೆ ಕುಂದರು. ಮೊಣಕಾಲಿಗೆ ಛಲೋ."

ಆ ರಾತ್ರಿ ಕಾಕಾಗೆ ಊಟ ನಮ್ಮ ಮನೆಯಲ್ಲಿ.

ಗಾಡಿ ಸಿದ್ಧವಾಗಿ ಓಣಿಗೆ ಬಂದಾಗ ಕಟ್ಟೆಯ ಮೇಲಿನ ಹಿರಿಯರೊಬ್ಬರು ಮೇಲೆ ಕೆಳಗೆ ನೋಡಿ, "ಮುಧೋಳ ನಾಯಿ ಕಾಲ ಚಾಚಿ ಮಲಗಿದಂಗ ಐತಲ್ಲೋ" ಎಂದರು. ತೆಳ್ಳಗೆ, ಉದ್ದಕ್ಕೆ, ಹೊಟ್ಟೆ ಒಳಗೆ ಎಳೆದುಕೊಂಡ ಅದರ ರೂಪ ಹಾಗೇ ಇತ್ತು. ಕಾಕಾಗೆ ಇದು ಬಹಳ ಹಿಡಿಸಿತು. ಅಲ್ಲಿಂದ ಮುಂದೆ "ನಾಯಿ ಚಾರ್ಜಿಂಗಿಗೆ ಹಚ್ಚೇನಿ" ಎಂದೇ ಹೇಳುತ್ತಿದ್ದರು.

ಊರ ಹೊರಗೆ ನೂಲಿಗೆ ಬಣ್ಣ ಹಾಕುತ್ತಿದ್ದ ಒಂದು ಹಳೆಯ ಶೆಡ್ಡು ಇದೆ. ಅದರ ಮುಂದೆ ನೂಲು ಒಣಗಿಸಲು ಮಾಡಿದ ಸಿಮೆಂಟಿನ ವಿಶಾಲ ಅಂಗಳ. ಅಲ್ಲಿ ಮೊದಲು ಕಾಕಾ ತಾವೇ ಹೆಲ್ಮೆಟ್ ಹಾಕಿಕೊಂಡು ಕೂತರು. ಗಾಡಿ ಸುಯ್ಯೆಂದು ಹೊರಟಿತು. ಹ್ಯಾಂಡಲ್ ತಿರುಗಿಸಿದರು, ಹಿಂಭಾಗ ಚಂದವಾಗಿ ಜಾರತೊಡಗಿತು. ಅಷ್ಟರಲ್ಲಿ ಗಾಡಿ ಗಕ್ಕನೆ ನಿಂತಿತು. ಕಾಕಾ ನಿಲ್ಲಲಿಲ್ಲ. ಅವರು ಮುಂದಕ್ಕೆ ಉರುಳಿ ಅಂಗಳದ ಮೇಲೆ ಕೂತರು.

ಸೀಟು ನೆಲದಿಂದ ಗೇಣೆತ್ತರದಲ್ಲಿದ್ದದ್ದರಿಂದ ಮೊಣಕೈ ತರಚಿದ್ದಷ್ಟೇ. ನಾನು ಓಡಿ ಹೋದೆ, ಆದರೆ ನಗು ತಡೆಯಲಾಗಲಿಲ್ಲ. ಮುಧೋಳದ ರಸ್ತೆಯಲ್ಲಿ ಬಿದ್ದ ಮೇಲೆ ನಾನು ಹಾಗೆ ನಕ್ಕದ್ದು ಅದೇ ಮೊದಲು.

ಕಾಕಾ ಮತ್ತೆ ಏರಿದರು, ಮತ್ತೆ ಬಿದ್ದರು. ಪಾನಾ ಹಾರಿತು. ಆಗ ವಿಷಯ ತಿಳಿಯಿತು: ಅವರು ಗಾಡಿಗೆ ಮಗ್ಗದ ನ್ಯಾಯ ಹಾಕಿದ್ದರು. ಎಕ್ಸಲರೇಟರಿನಿಂದ ಕೈ ಸಡಿಲಾದರೆ ಸಾಕು, ಮೋಟರು ಬಂದಾಗಿ, ಬ್ರೇಕು ಮುಂದಿನ ಗಾಲಿಯನ್ನು ತಾನಾಗಿಯೇ ಕಚ್ಚಿ ಹಿಡಿಯುತ್ತಿತ್ತು. ಜಾರುವಾಗ ಮನುಷ್ಯ ಬೆದರಿ ಕೈ ಸಡಿಲಿಸುತ್ತಾನೆ, ಗಾಲಿ ಅಲ್ಲೇ ನಿಲ್ಲುತ್ತದೆ.

"ಬ್ರೇಕ್ ಬರೋಬ್ಬರಿ ಐತಿ" ಎಂದು ಕಾಕಾ ಹಟ ಹಿಡಿದರು. "ತಪ್ಪಾದ ಕೂಡ್ಲೆ ನಿಂದರಬೇಕು. ಎಳಿ ಹರದ್ರ..."

"ಕಾಕಾ, ನಾನೂ ಹಿಂಗ ಬಿದ್ದಿದ್ದು" ಎಂದೆ. ಹೇಳುವತನಕ ನನಗೂ ಅದು ಗೊತ್ತಿರಲಿಲ್ಲ. "ಜಾರಿದ್ದಕ್ಕ ಬೀಳಲಿಲ್ರಿ. ಬ್ರೇಕ್ ಒತ್ತಿ ಹಿಡದೆ, ಅದಕ್ಕ ಬಿದ್ದೆ. ಜಾರಾಕತ್ತಾಗ ನಿಂದರಬಾರದು."

ಅವರು ನೆಲದ ಮೇಲೆ ಕೂತಲ್ಲೇ ನನ್ನನ್ನು ನೋಡಿದರು. ಒದರಲಿಲ್ಲ, ಬೈಯಲಿಲ್ಲ. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ಖರೆ ಐತಿ. ಇದು ಮಗ್ಗ ಅಲ್ಲ."

ಪಾನಾ ಹುಡುಕಿ ತಂದು, ಅಲ್ಲೇ ಕೂತು, ತಾವು ಅಷ್ಟು ನಂಬಿ ಜೋಡಿಸಿದ್ದನ್ನು ತಾವೇ ಬಿಚ್ಚಿದರು. ಬೇಕೆಂದಾಗ ಮಾತ್ರ ಮೆಲ್ಲಗೆ ಹಿಡಿಯುವ ಕೈಬ್ರೇಕನ್ನು ಪಕ್ಕಕ್ಕೆ ಕೂರಿಸಿದರು. ಒಂದು ಬ್ರೇಕು ಬಿಚ್ಚಿದ್ದು ನೋಡುವವರಿಗೆ ಏನೂ ಅಲ್ಲ. ನನಗೆ ಮಾತ್ರ, ಈ ಮನುಷ್ಯ ನನ್ನ ಸಲುವಾಗಿ ತನ್ನ ಇಡೀ ಜೀವನದ ಮಾತನ್ನು ಬದಿಗಿಟ್ಟ ಎನಿಸಿತು. ಹೆಲ್ಮೆಟ್ ಹಾಕಿಕೊಂಡು ನಾನೇ ಹೋಗಿ ಸೀಟಿನ ಮೇಲೆ ಕೂತೆ.

ಮೊದಲ ತಿರುವಿಗೆ ಹಿಂಭಾಗ ಸರಿದಾಗ ಮುಧೋಳದ ರಸ್ತೆಯೇ ಕಣ್ಣ ಮುಂದೆ ಬಂತು. ಕೈ ತಾನಾಗಿ ಬ್ರೇಕಿನತ್ತ ಹೋಯಿತು.

"ಹಿಡೀಬ್ಯಾಡ! ಜಾರಲಿ ಬಿಡ! ಎತ್ತಾಗ ಜಾರತೈತಿ ಅತ್ತಾಗ ಹ್ಯಾಂಡಲ್ ತಿರುವು!" ಕಾಕಾನ ಕೂಗು ರಬಕವಿಗೂ ಕೇಳಿಸಿರಬೇಕು.

ಬಿಟ್ಟೆ. ಗಾಡಿ ಅಡ್ಡಡ್ಡ ಜಾರಿತು, ಜಾರುತ್ತಲೇ ಹೋಯಿತು, ಆಮೇಲೆ ತಾನೇ ನೆಟ್ಟಗಾಯಿತು. ನಾನು ಬಿದ್ದಿರಲಿಲ್ಲ. ಒದರಿಬಿಟ್ಟೆ, ಏನೆಂದು ಒದರಿದೆನೋ ನೆನಪಿಲ್ಲ. ಆ ಬೇಸಿಗೆಯೆಲ್ಲ ಸಂಜೆಗೆ ಅದೇ ಕೆಲಸ. ಪ್ಲಾಸ್ಟಿಕ್ ಬಳೆ ಸವೆದಾಗೆಲ್ಲ ಕಾಕಾ ಹೊಸದು ತೊಡಿಸುತ್ತಿದ್ದರು. ಕಡೆಕಡೆಗೆ ಕಾಕಿಯೂ ಒಮ್ಮೆ ಕೂತು ಒಂದು ಸುತ್ತು ಹಾಕಿ, "ಖುರ್ಚಿ ಹಾಳಾದ್ರೂ ಹೋಗ್ಲಿ" ಎಂದು ಕ್ಷಮಿಸಿದರು.

ಮಳೆಗಾಲದ ಹೊತ್ತಿಗೆ ಸ್ಕೂಟರ್ ಹೊರಗೆ ತೆಗೆದೆ. ಸೀರೆಯ ಗಂಟು ಹೇರಿಕೊಂಡು ಹೊರಟೆ. ಲೋಕಾಪುರದ ಹತ್ತಿರ ಹೊಲದ ಜಿಗುಟು ಎರೆಮಣ್ಣು ಮಳೆಗೆ ರಸ್ತೆಯ ಮೇಲೆ ಬಂದಿತ್ತು. ಹಿಂದಿನ ಗಾಲಿ ಸರಿಯಿತು. ನಾನು ಬ್ರೇಕ್ ಹಿಡಿಯಲಿಲ್ಲ, ಹ್ಯಾಂಡಲನ್ನು ಅತ್ತ ಸ್ವಲ್ಪ ತಿರುವಿದೆ, ಗಾಡಿ ನೆಟ್ಟಗಾಯಿತು. ಮುಂದೆ ಹೋಗಿ ಒಂದು ಮರದ ಕೆಳಗೆ ನಿಂತು ಕಾಕಾಗೆ ಫೋನ್ ಮಾಡಿದೆ.

"ಕಾಕಾ, ಗಾಡಿ ಜಾರಿತ್ರಿ!"

"ಬಿದ್ದಿ ಏನ?"

"ಇಲ್ರಿ."

"ಮತ್ತ ಫೋನ್ ಯಾಕ ಮಾಡಿದಿ? ವ್ಯಾಪಾರ ನೋಡ್ಕೋ ಹೋಗು."

ಫೋನ್ ಇಟ್ಟವರೇ ಓಣಿಯ ಮನೆಮನೆಗೂ ಹೋಗಿ "ನಮ್ಮ ಹುಡುಗಿ ಗಾಡಿ ಜಾರಿತಂತ, ಬೀಳಲಿಲ್ಲಂತ" ಎಂದು ಹೇಳಿಬಂದರಂತೆ. ಸಂಜೆ ನಾನು ಮರಳಿದಾಗ ಅದನ್ನು ಎಲ್ಲರೂ ನನಗೇ ಹೇಳಿದರು. ಕೈಬಿಟ್ಟಿದ್ದ ಅಂಗಡಿಗಳು ಒಂದೊಂದಾಗಿ ಮರಳಿ ಸಿಕ್ಕವು. ಇಂದು ನಾನು ಉಣ್ಣುವ ಅನ್ನದಲ್ಲಿ ಆ ಮನುಷ್ಯನ ಪಾಲಿದೆ. ಇದನ್ನು ಅವರಿಗೆ ಎದುರಿಗೇ ಹೇಳಿದ್ದೆ. "ಅನ್ನದಾಗಲ್ಲ, ಚಹಾದಾಗ ಪಾಲ ಕೊಡು" ಎಂದು ನಕ್ಕಿದ್ದರು.

ಹೋದ ಮಳೆಗಾಲದಲ್ಲಿ ನಾನು ಬೀಳಗಿಯ ಅಂಗಡಿಯೊಂದರಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದಾಗ ಅಣ್ಣನ ಫೋನ್ ಬಂತು. ಬೆಳಿಗ್ಗೆ ಚಹಾ ಕುಡಿದು ಕಟ್ಟೆಗೆ ಬಂದು ಕೂತ ಕಾಕಾ ಹಾಗೇ ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲವಂತೆ. ಮಧ್ಯಾಹ್ನವೇ ಮಣ್ಣು ಮಾಡುತ್ತಾರಂತೆ.

"ನೀ ಅಲ್ಲೇ ಇರು. ಮಳಿ ಜೋರ ಐತಿ, ನಾ ಕಾರ್ ತಗೊಂಡ ಬರ್ತೀನಿ" ಎಂದ ಅಣ್ಣ.

"ನೀ ಬಂದು ನನ್ನ ಕರಕೊಂಡ ಹೋಗೂದ್ರಾಗ ಮಣ್ಣ ಆಗಿರ್ತೈತಿ. ನಾನ ಬರ್ತೀನಿ."

ದಾರಿಯುದ್ದಕ್ಕೂ ಮಳೆ. ಅಳು ಬಂದಾಗ ಹೆಲ್ಮೆಟ್ಟಿನೊಳಗೇ ಅತ್ತೆ. ಎಲ್ಲೆಲ್ಲಿ ಗಾಲಿ ಸರಿಯಿತೋ ಲೆಕ್ಕವಿಡಲಿಲ್ಲ, ಎಲ್ಲೂ ನಿಲ್ಲಲಿಲ್ಲ.

ಓಣಿ ಮುಟ್ಟಿದಾಗ ಕಾಕಾನನ್ನು ನಮ್ಮವರ ಪದ್ಧತಿಯಂತೆ ಹೂಮಾಲೆ ಹಾಕಿ ಬಾಗಿಲ ಮುಂದೆ ಕೂರಿಸಿದ್ದರು. ಇನ್ನೂ ಎತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಕಾಕಿ ನನ್ನ ತೊಯ್ದ ಬಟ್ಟೆಯನ್ನು ನೋಡಿ ಕೇಳಿದರು:

"ಇಂಥಾ ಮಳ್ಯಾಗ ಯಾರ ಜೋಡಿ ಬಂದಿ, ಯವ್ವಾ?"

"ಒಬ್ಬಾಕಿನ ಬಂದೇನಿ, ಕಾಕಿ. ಗಾಡಿ ಹೊಡಕೊಂಡು."

ಕಾಕಿ ಗಂಡನ ಕಡೆ ತಿರುಗಿದರು. ಅವರಿಗೆ ಕೇಳಲೆಂದೋ ಏನೋ, ಬಗ್ಗಿ ಕಿವಿಯ ಹತ್ತಿರ ಹೋಗಿ, ಜೋರಾಗಿಯೇ ಹೇಳಿದರು:

"ಕೇಳಿದ್ರೇನ್ರಿ? ಒಬ್ಬಾಕಿನ ಬಂದಾಳಂತ."